ಇಂಗ್ಲಿಷ್ ಅಷ್ಟಕ್ಕಷ್ಟೇ, ಜಪಾನೀಸ್ ಬಂದೀತೇ?

ಪ್ರಶ್ನೆ: ಐಟಿಐ ಮುಗಿಸಿ ಬಿಡದಿಯ ಒಂದು ಕಾರ್ಖಾನೆಯಲ್ಲಿದ್ದೇನೆ, ವಯಸ್ಸು 27. ಜಪಾನೀಸ್ ಕ್ಲಾಸಿಗೆ ಸೇರಿ ಮೂರು ವಾರವಾಯಿತು. ಪಾಠವೆಲ್ಲ ಇಂಗ್ಲಿಷಿನಲ್ಲಿ, ಅರ್ಧಕ್ಕರ್ಧ ತಲೆಗೆ ಹೋಗುತ್ತಿಲ್ಲ. ಕನ್ನಡ ಮೀಡಿಯಮ್ಮಿನವನಿಗೆ ಇದು ಆಗುವ ಕೆಲಸವೇ ಮೇಡಂ? ಬಿಟ್ಟುಬಿಡಲೇ?
– ಒಬ್ಬ ಓದುಗ, ರಾಮನಗರ

ಉತ್ತರ: ಬಿಡುವುದಾದರೆ ಇಂಗ್ಲಿಷನ್ನು ಬಿಡಿ, ಜಪಾನೀಸನ್ನಲ್ಲ. ನಾನೂ ದಾವಣಗೆರೆಯ ಕನ್ನಡ ಮೀಡಿಯಮ್ಮಿನವಳೇ. ಮೊದಲ ವರ್ಷ ಪ್ರತಿ ವಾಕ್ಯವನ್ನೂ ಇಂಗ್ಲಿಷಿಗೆ ತಿರುಗಿಸಿ, ಅಲ್ಲಿಂದ ಕನ್ನಡಕ್ಕೆ ತಂದು ಒದ್ದಾಡಿದೆ. ಒಂದು ದಿನ ‘ತಬೆತೆ ಮಿಮಸು’ ಪಾಠ ಬಂತು. ಮೇಷ್ಟ್ರು ಬೋರ್ಡಿನ ಮೇಲೆ ‘ಟ್ರೈ’ ಎಂದು ಬರೆದು ಅರ್ಧ ಗಂಟೆ ವಿವರಿಸಿದರು. ನಾನು ನೋಟ್‌ಬುಕ್ಕನ್ನೇ ನೋಡುತ್ತಾ ಕೂತೆ. ತಬೆತೆ ಅಂದರೆ ತಿಂದು, ಮಿಮಸು ಅಂದರೆ ನೋಡ್ತೀನಿ. ತಿಂದು ನೋಡ್ತೀನಿ! ನಮ್ಮಮ್ಮ ಒಲೆ ಮುಂದೆ ದಿನಾ ಆಡುವ ಮಾತು. ಮುಂದೆ ‘ತಬೆತೆ ಶಿಮಯಿಮಶಿತ’ ಬಂದಾಗ ವಿವರಣೆಯೇ ಬೇಕಾಗಲಿಲ್ಲ: ತಿಂದುಬಿಟ್ಟೆ.

ಕ್ರಿಯಾಪದ ಕೊನೆಗೇ ಬರುತ್ತದೆ. ವಿಭಕ್ತಿಯೂ ನಮ್ಮಂತೆ ಪದದ ನಂತರ: ‘ಕರ’ ಅಂದರೆ ಇಂದ, ‘ಮದೆ’ ಅಂದರೆ ತನಕ. ‘ಬಿಡದಿ ಕರ ಮೈಸೂರು ಮದೆ’ ಅನ್ನಿ, ಆಯಿತು. ಒಬ್ಬರು, ಇಬ್ಬರು ಅಂತ ಮನುಷ್ಯರನ್ನು ಬೇರೆಯಾಗಿ ಎಣಿಸುವುದು ಅವರಲ್ಲೂ ಉಂಟು: ‘ಹಿತೊರಿ, ಫುತರಿ’.

ಜಪಾನೀಸಿನ ಮೂಲ ಲಿಪಿಯಾದ ಹಿರಗನದ 46 ಅಕ್ಷರಗಳಿಗೆ ಹೆದರಬೇಡಿ. ಅ ಇ ಉ ಎ ಒ, ಆಮೇಲೆ ಕ ಸ ತ ನ ಹ ಮ ಯ ರ ವ. ಬೌದ್ಧ ಭಿಕ್ಷುಗಳ ಸಂಸ್ಕೃತ ಕಲಿಕೆಯ ಮೂಲಕ ಅಲ್ಲಿಗೆ ಹೋದ ಕ್ರಮ ಇದು. ‘ಹ’ ಇರುವ ಕಡೆ ಹಿಂದೆ ‘ಪ’ ಇತ್ತು ಎಂದುಕೊಂಡರೆ ಹೆಚ್ಚುಕಡಿಮೆ ನಮ್ಮ ವರ್ಣಮಾಲೆಯೇ. ಮೊದಲ ವಾರ ಉಚ್ಚಾರಣೆಯನ್ನು ಕನ್ನಡದಲ್ಲೇ ಬರೆದುಕೊಳ್ಳಿ. ‘ಒಬಸನ್’ ಅತ್ತೆ, ಚಿಕ್ಕಮ್ಮ, ‘ಒಬಾಸನ್’ ಅಜ್ಜಿ. ಹ್ರಸ್ವ, ದೀರ್ಘ ಗೊತ್ತಿರುವ ನಿಮಗೆ ಇದೇನು ಮಹಾ! ವಾರ ಕಳೆದ ಮೇಲೆ ಮಾತ್ರ ಕನ್ನಡ ಅಕ್ಷರಕ್ಕೆ ಅಂಟಿಕೊಳ್ಳಬೇಡಿ.

ಕನ್ನಡ ಕೈಕೊಡುವ ಜಾಗವೂ ಇದೆ. ದುಭಾಷಿಯಾಗಿ ಸೇರಿದ ಹೊಸತರಲ್ಲಿ ಹೊರಗಿನ ಕಂಪನಿಯ ಫೋನ್ ಬಂತು. ‘ಸಾಹೇಬರು ಇಲ್ಲ’ ಅನ್ನುವ ಅಭ್ಯಾಸದಲ್ಲಿ ನಮ್ಮ ಬಾಸ್ ಹೆಸರಿಗೆ ‘ಸನ್’ (ನಮ್ಮ ‘ಅವರು’ ಇದ್ದಂತೆ) ಸೇರಿಸಿ ಗೌರವದಿಂದಲೇ ಉತ್ತರಿಸಿದೆ. ಪಕ್ಕದಲ್ಲಿದ್ದ ಜಪಾನಿ ಸಹೋದ್ಯೋಗಿ ಹಣೆ ಹಿಡಿದುಕೊಂಡರು. ಹೊರಗಿನವರ ಮುಂದೆ ನಮ್ಮವರಿಗೆ ‘ಸನ್’ ಹಚ್ಚುವಂತಿಲ್ಲ, ಬಾಸ್ ಆದರೂ ಅಷ್ಟೇ. ಇದು ನನ್ನ ನಾಲಗೆಗೆ ಒಗ್ಗಲು ಎರಡು ವರ್ಷ ಹಿಡಿಯಿತು.

ಕಂಜಿಯ, ಅಂದರೆ ಚೀನಾದಿಂದ ಬಂದ ಚಿತ್ರದಂಥ ಅಕ್ಷರಗಳ ವಿಷಯದಲ್ಲಿ ಸುಳ್ಳು ಸಮಾಧಾನ ಹೇಳಲಾರೆ. ಬಳಕೆಗೆಂದು ಜಪಾನ್ ಸರ್ಕಾರ ಪಟ್ಟಿ ಮಾಡಿರುವುದೇ 2136. ಅಲ್ಲಿ ಕನ್ನಡವೂ ಕಾಯುವುದಿಲ್ಲ, ಕೈ ನೋಯುವಷ್ಟು ಬರೆಯಬೇಕು. ಜಪಾನೀಸ್ ಭಾಷಾ ಪರೀಕ್ಷೆಯ ಆರಂಭದ ಹಂತವಾದ ಎನ್5ಕ್ಕೆ ಸುಮಾರು ನೂರು ಸಾಕು. ಅದರಲ್ಲಿ ಮಾತಾಡುವ ಪರೀಕ್ಷೆ ಇಲ್ಲ, ಉತ್ತರ ಆರಿಸಿ ಗುರುತು ಹಾಕಿದರಾಯಿತು, ಬೆಂಗಳೂರಿನಲ್ಲೇ ಕೇಂದ್ರವಿದೆ. ಹೇಗೂ ಫೀಸ್ ಕಟ್ಟಿದ್ದೀರಿ, ಈ ಭಾನುವಾರ ಕ್ಲಾಸಿಗೆ ಹೋಗಿ. ಮೇಷ್ಟ್ರು ಇಂಗ್ಲಿಷಿನಲ್ಲಿ ಹೇಳಲಿ, ನೀವು ಪಕ್ಕದಲ್ಲಿ ಕನ್ನಡದಲ್ಲಿ ಬರೆದುಕೊಳ್ಳಿ.