ಇಟಾಲಿಯನ್ನಿನ ‘ನಿಪೋತೆ’ ಅಂದರೆ ಮೊಮ್ಮಗಳೋ, ತಂಗಿಯ ಮಗಳೋ?

ಇಟಾಲಿಯನ್ ಸಹೋದ್ಯೋಗಿಯ ಮನೆಯ ಮಗುವಿಗೆ ಕಾರ್ಡ್ ಬರೆಯಬೇಕು, ಅವರು ಹೇಳುವ ‘ನಿಪೋತೆ’ ಯಾರು ಎಂದು ಕೇಳಿದ್ದೀರಿ. ನಿಮ್ಮ ಅನುವಾದದ ಆ್ಯಪ್ ತಪ್ಪು ಹೇಳುತ್ತಿಲ್ಲ. ಅವರು ಬರೆದ ‘ಮೀಯ ನಿಪೋತೆ’ಯನ್ನು (‘ಮೀಯ’ ಅಂದರೆ ‘ನನ್ನ’) ಅದು ಒಮ್ಮೆ ‘ಗ್ರ್ಯಾಂಡ್‌ಡಾಟರ್’ ಅಂದಿದೆ, ಇನ್ನೊಮ್ಮೆ ‘ನೀಸ್’ ಅಂದಿದೆ. ಎರಡೂ ಸರಿ. ಸಾಲದ್ದಕ್ಕೆ ನೆಫ್ಯೂ, ಗ್ರ್ಯಾಂಡ್‌ಸನ್ ಇಬ್ಬರಿಗೂ ಅದೇ ಪದ.

ಟುರಿನ್‌ನಲ್ಲಿ ಇದ್ದಾಗ ನಾನೂ ಬೇಸ್ತು ಬಿದ್ದವನೇ. ಮನೆಯೊಡತಿ ಗಡ್ಡಧಾರಿ ಯುವಕನೊಬ್ಬನನ್ನು ತೋರಿಸಿ ‘ಮೀಯೊ ನಿಪೋತೆ’ ಎಂದರು. ನಾನು ಬುದ್ಧಿವಂತನಂತೆ ‘ನಿಮ್ಮ ತಂಗಿ ಚೆನ್ನಾಗಿದ್ದಾರಾ?’ ಎಂದೆ. ಅವನು ಆಕೆಯ ಮಗಳ ಮಗ! ಆಕೆಗೇನೂ ಬೇಸರವಾಗಲಿಲ್ಲ, ಅಷ್ಟು ಚಿಕ್ಕವಳಾಗಿ ಕಾಣುತ್ತೇನಲ್ಲ ಎಂಬ ಖುಷಿ.

ನಮಗೆ ಇದು ವಿಚಿತ್ರ ಅನ್ನಿಸುವುದು ಸಹಜ. ಗಂಡಸಿಗೆ ಅಣ್ಣತಮ್ಮಂದಿರ ಮಗ ಮಗನೇ, ಅಕ್ಕತಂಗಿಯರ ಮಗ ಸೋದರಳಿಯ. ಹೆಂಗಸಿಗೆ ಲೆಕ್ಕ ತಿರುಗುಮುರುಗು. ಮೊಮ್ಮಕ್ಕಳ ಸಾಲೇ ಬೇರೆ. ಇಂಗ್ಲಿಷಿನ ನೆಫ್ಯೂ ಈ ಅಳಿಯನನ್ನೂ ಮಗನನ್ನೂ ಒಂದು ಮಾಡುತ್ತದೆ, ಇಟಾಲಿಯನ್ ಅವರ ಜೊತೆಗೆ ಮೊಮ್ಮಗನನ್ನೂ ಕೂರಿಸುತ್ತದೆ. ಹಾಗಂತ ನಾವು ಬೀಗುವಂತಿಲ್ಲ: ಅಕ್ಕನ ಮಗನೂ ಅಳಿಯ, ಮಗಳ ಗಂಡನೂ ಅಳಿಯ!

ಪದದ ಬೇರು ಲ್ಯಾಟಿನ್ನಿನ ‘ನೆಪೋಸ್’. ಮೊದಲಿಗೆ ಅದು ಮೊಮ್ಮಗ, ಅಣ್ಣತಂಗಿಯರ ಮಕ್ಕಳು ಸೇರಿಕೊಂಡದ್ದು ಆಮೇಲೆ. ಸಂಸ್ಕೃತದ ‘ನಪ್ತೃ’ ಇದರದ್ದೇ ದಾಯಾದಿ.

ರೋಮಿನ ಪೋಪರಿಗೆ ಈ ‘ನಿಪೋತೆ’ ಬಹಳ ಬೇಕಾದವನು. 1471ರಲ್ಲಿ ಪೋಪ್ ಆದ ನಾಲ್ಕನೇ ಸಿಕ್ಸ್ಟಸ್ ಅದೇ ವರ್ಷ ತನ್ನ ಇಬ್ಬರು ‘ನಿಪೋತಿ’ಗಳನ್ನು (ನಿಪೋತೆಯ ಬಹುವಚನ) ಕಾರ್ಡಿನಲ್, ಅಂದರೆ ಪೋಪನ ನಂತರದ ಹಿರಿಯ ಧರ್ಮಾಧಿಕಾರಿ, ಮಾಡಿದ: ಒಬ್ಬ ಸೋದರನ ಮಗ, ಇನ್ನೊಬ್ಬ ಸೋದರಿಯ ಮಗ. ಮುಂದೆ ಮೂರನೇ ಪೌಲ್ 1534ರಲ್ಲಿ ಪೋಪ್ ಆದವನೇ ಹದಿನಾಲ್ಕು ವರ್ಷದ ನಿಪೋತೆಗೆ ಕಾರ್ಡಿನಲ್ ಪಟ್ಟ ಕೊಟ್ಟ, ಆ ಹುಡುಗ ಸಾಕ್ಷಾತ್ ಮೊಮ್ಮಗ! (ಬ್ರಹ್ಮಚಾರಿ ಪೋಪನಿಗೆ ಮೊಮ್ಮಗ ಎಲ್ಲಿಂದ ಎಂದು ಕೇಳಬೇಡಿ, ಮದುವೆಯಾಗದೆಯೇ ಮಗನಿದ್ದ.) ಚಿತ್ರಕಾರ ಟಿಶಿಯನ್ ಬಿಡಿಸಿದ ಈ ಅಜ್ಜ ಮತ್ತು ಇಬ್ಬರು ಮೊಮ್ಮಕ್ಕಳ ಚಿತ್ರ ನೇಪಲ್ಸ್‌ನ ಕಾಪೊದಿಮೊಂತೆ ಸಂಗ್ರಹಾಲಯದಲ್ಲಿದೆ. ಚಿತ್ರದ ಇಟಾಲಿಯನ್ ಹೆಸರಿನಲ್ಲಿ ಬರೇ ‘ನಿಪೋತಿ’ ಎಂದಿರುವುದರಿಂದ ಕಥೆ ಗೊತ್ತಿಲ್ಲದ ಅನುವಾದಕ ಮುಗ್ಗರಿಸುವುದು ಸುಲಭ. ನಾವು ಸ್ವಜನಪಕ್ಷಪಾತ ಅನ್ನುವ ನೆಪೊಟಿಸಂ ಹುಟ್ಟಿದ್ದು ಪೋಪರ ಈ ‘ನಿಪೋತೆ’ ಪ್ರೀತಿಯಿಂದಲೇ. 1692ರಲ್ಲಿ ಪೋಪ್ ಹನ್ನೆರಡನೇ ಇನ್ನೊಸೆಂಟ್ ಈ ಪದ್ಧತಿಗೆ ಕಡಿವಾಣ ಹಾಕಿದ.

ಈಗ ನಿಮ್ಮ ಕಾರ್ಡಿನ ವಿಷಯ. ‘ಮೀಯ’ ಅಂದಿರುವುದರಿಂದ ಹೆಣ್ಣುಮಗು ಅನ್ನುವುದು ಖಚಿತ, ಗಂಡಾಗಿದ್ದರೆ ‘ಮೀಯೊ’ ಅನ್ನುತ್ತಿದ್ದರು. ಮಾತಿನ ನಡುವೆ ‘ನಿಪೋತೀನ’ ಅಂದಿದ್ದರೆ ಬಹುಮಟ್ಟಿಗೆ ಮೊಮ್ಮಗಳು. ಈ ಮುದ್ದಿನ ರೂಪವನ್ನು ಅಜ್ಜ ಅಜ್ಜಿಯರೇ ಹೆಚ್ಚು ಬಳಸುವುದು. ನಿಮ್ಮ ಸಹೋದ್ಯೋಗಿಗೆ ಐವತ್ತೈದು ವಯಸ್ಸು ಅಂತೀರಿ, ಅಂದಮೇಲೆ ಎರಡೂ ಆಗಬಹುದು. ‘ಮಗಳ ಮಗುವಾ, ತಂಗಿಯ ಮಗುವಾ?’ ಎಂದು ನೇರ ಕೇಳಿ, ಇಟಾಲಿಯನ್ನರೇ ಒಬ್ಬರನ್ನೊಬ್ಬರು ಹೀಗೆ ಕೇಳಿಕೊಳ್ಳುತ್ತಾರೆ. ಕೇಳಲು ಸಂಕೋಚವಾದರೆ ಕಾರ್ಡಿನ ಮೇಲೆ ಮಗುವಿನ ಹೆಸರನ್ನಷ್ಟೇ ಬರೆದುಬಿಡಿ.