ಓದುಗರ ಪ್ರಶ್ನೆಗಳು: ಹೆಪ್ಪುಗಟ್ಟಿದ ಕೆರೆಯಲ್ಲಿ ಗಾಳ, ಮೈಮೇಲೆ ತೇಲುವ ಸೂಟು

ಐಸ್ ಫಿಶಿಂಗ್‌ಗೆ ಬೇಕಾದ ಫ್ಲೋಟೇಶನ್ ಸೂಟ್ ಆರಿಸುವುದು ಹೇಗೆಂದು ಕೇಳಿ ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಎರಡು ಸೂಟು ನೋಡಿಟ್ಟಿದ್ದೇನೆ. ಒಂದರ ಚೀಟಿಯಲ್ಲಿ ‘50 ನ್ಯೂಟನ್, ಐಎಸ್‌ಒ 12402-5’ ಎಂದಿದೆ. ಇನ್ನೊಂದರಲ್ಲಿ ‘ಫ್ಲೋಟ್ ಅಸಿಸ್ಟ್’ ಎಂದಷ್ಟೇ ಇದೆ, ಆದರೆ ಅದೇ ಹೆಚ್ಚು ಬೆಚ್ಚಗೆ, ಹಗುರವಾಗಿ ಇದೆ. ಎರಡೂ ತೇಲುತ್ತವಲ್ಲ, ಯಾವುದು ತೆಗೆದುಕೊಳ್ಳಲಿ?

ಉತ್ತರ: ‘ಫ್ಲೋಟ್ ಅಸಿಸ್ಟ್’ ಅಂದರೆ ತೇಲಲು ಒಂದಿಷ್ಟು ನೆರವು. ಎಷ್ಟು ನೆರವು, ಎಷ್ಟು ಹೊತ್ತು ಎಂಬುದಕ್ಕೆ ಯಾರ ಮುದ್ರೆಯೂ ಬಿದ್ದಿಲ್ಲ. ಐಎಸ್‌ಒ 12402-5 ಎಂಬುದು ತೇಲುವ ತೊಡುಗೆಗಳ ಅಂತರರಾಷ್ಟ್ರೀಯ ಮಾನದಂಡ. ಅದರ 50 ನ್ಯೂಟನ್ ಎಂಬುದು ಅಳೆದು ಬರೆದ ಲೆಕ್ಕ: ಸುಮಾರು 5 ಕೆ.ಜಿ. ಭಾರವನ್ನು ನೀರಿನಲ್ಲಿ ಎತ್ತಿಹಿಡಿಯುತ್ತದೆ. ಇಷ್ಟೇನಾ ಅನಿಸಬಹುದು. ಆದರೆ ನಮ್ಮ ಮೈ ಬಹುಪಾಲು ತಾನೇ ತೇಲುತ್ತದೆ. ಮೂಗು, ಬಾಯಿ ನೀರಿನಿಂದ ಮೇಲಿರಲು ಹೆಚ್ಚಿನ ವಯಸ್ಕರಿಗೆ ಬೇಕಾದದ್ದು ಇನ್ನು 3ರಿಂದ 5.5 ಕೆ.ಜಿ.ಯ ಆಸರೆ. ಅಮೆರಿಕದ ಕೋಸ್ಟ್ ಗಾರ್ಡ್ ಒಪ್ಪಿದ ‘ಟೈಪ್ 3’ ತೊಡುಗೆಯಲ್ಲಿ ವಯಸ್ಕರಿಗೆ ಕನಿಷ್ಠ 15.5 ಪೌಂಡ್, ಅಂದರೆ 7 ಕೆ.ಜಿ. ಇರಬೇಕು. ಇವೆರಡರಲ್ಲಿ ಯಾವ ಮುದ್ರೆ ಇದ್ದರೂ ಒಳ್ಳೆಯದೇ.

ಒಳಗಿನ ಸರಕಿನಲ್ಲೂ ವ್ಯತ್ಯಾಸವಿದೆ. ಮುದ್ರೆಯಿರುವ ಸೂಟಿನೊಳಗೆ ಸಾಮಾನ್ಯವಾಗಿ ಕ್ಲೋಸ್ಡ್ ಸೆಲ್ ಫೋಮ್ ಹಾಳೆಗಳಿರುತ್ತವೆ. ಅದರ ಒಂದೊಂದು ಗುಳ್ಳೆಯೂ ಬಾಗಿಲಿಲ್ಲದ ಕೋಣೆ. ಬಟ್ಟೆ ಹರಿದರೂ ಗಾಳಿ ಹೊರಗೆ ಹೋಗದು. ಫ್ಲೋಟ್ ಅಸಿಸ್ಟ್ ಸೂಟುಗಳಲ್ಲಿ ಕೆಲವು ಹತ್ತಿಯಂಥ ಎಳೆಗಳ ತುಂಬುವಿನ ನಡುವೆ ಸಿಕ್ಕಿಕೊಂಡ ಗಾಳಿಯನ್ನೇ ನೆಚ್ಚಿಕೊಂಡಿರುತ್ತವೆ. ನೀರು ಒಳಗೆ ಇಳಿದ ಹಾಗೆ ಆ ಗಾಳಿ ಮೇಲೆದ್ದು ಹೋಗುತ್ತದೆ.

ಒಬ್ಬರೇ ಹೋಗುವವರು, ಚಳಿಗಾಲದ ಶುರುವಿನಲ್ಲೋ ಕೊನೆಯಲ್ಲೋ ಹೋಗುವವರು ಮುದ್ರೆಯಿರುವುದನ್ನೇ ಕೊಳ್ಳಿ ಎಂಬುದು ನಮ್ಮ ಅಭಿಪ್ರಾಯ. ಬೆಚ್ಚಗಿರುವುದಕ್ಕೆ ಒಳಗೆ ಇನ್ನೊಂದು ಉಣ್ಣೆಯಂಗಿ ಹಾಕಿಕೊಳ್ಳಬಹುದು. ತೇಲುವಿಕೆಯನ್ನು ಹಾಗೆ ಆಮೇಲೆ ಸೇರಿಸಿಕೊಳ್ಳಲು ಬರುವುದಿಲ್ಲ. ಒಂದು ಎಚ್ಚರಿಕೆ: 50 ನ್ಯೂಟನ್ ಸೂಟು ಎಚ್ಚರ ತಪ್ಪಿದವರನ್ನು ಅಂಗಾತ ತಿರುಗಿಸುತ್ತದೆಂದು ನಂಬಬೇಡಿ. ಎಚ್ಚರವಾಗಿದ್ದು ಕೈಕಾಲು ಆಡಿಸಬಲ್ಲವರಿಗಾಗಿ ಮಾಡಿದ ದರ್ಜೆ ಅದು.

ಪ್ರಶ್ನೆ: ಈ ಸೂಟು ಹಾಕಿಕೊಂಡು ನೀರಿಗೆ ಬಿದ್ದರೆ ಮೈ ಒಣಗಿರುತ್ತದೆಯೆ? ಎಷ್ಟು ಹೊತ್ತು ತಡೆಯಬಹುದು?

ಉತ್ತರ: ಒಣಗಿರುವುದಿಲ್ಲ. ಕೊರಳಿನಿಂದ, ಮಣಿಕಟ್ಟಿನಿಂದ, ಜಿಪ್ಪಿನ ಸಂದಿನಿಂದ ನೀರು ಬಂದೇ ಬರುತ್ತದೆ. ಮೈಗೆ ನೀರೇ ತಾಗಬಾರದೆಂದರೆ ಕೊರಳು, ಮಣಿಕಟ್ಟುಗಳಲ್ಲಿ ರಬ್ಬರ್ ಬಿಗಿಯಿರುವ ಡ್ರೈಸೂಟ್ ಬೇಕು. ದಿನವಿಡೀ ಕೂತು ಗಾಳ ಹಾಕುವವರಿಗೆ ಅದು ಹೊಂದುವುದಿಲ್ಲ. ತೇಲುವ ಸೂಟು ಮಾಡುವ ಉಪಕಾರವೇ ಬೇರೆ. ಒಳಗೆ ಬಂದ ನೀರು ಸುಲಭವಾಗಿ ಹೊರಗೆ ಹೋಗಲು ಬಿಡದೆ ಹಿಡಿದಿಡುತ್ತದೆ. ಆ ನೀರು ಮೈಬಿಸಿಗೆ ತುಸು ಬೆಚ್ಚಗಾಗುತ್ತದೆ. ಹೊಸ ತಣ್ಣೀರು ಪದೇಪದೇ ನುಗ್ಗಿದರೆ ಆ ಲಾಭವೂ ಹೋಯಿತು. ಆದ್ದರಿಂದ ಮಣಿಕಟ್ಟಿನಲ್ಲಿ ಹೊರಗೊಂದು ವೆಲ್ಕ್ರೋ ಪಟ್ಟಿ, ಒಳಗೊಂದು ಎಳೆದರೆ ಹಿಗ್ಗುವ ಕಫ್ ಎರಡೂ ಇವೆಯೇ ನೋಡಿ.

ಹೊತ್ತಿನ ಲೆಕ್ಕಕ್ಕೆ ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಪ್ರಚಾರಕ್ಕೆ ತಂದ 1-10-1 ಸೂತ್ರ ನೆನಪಿಟ್ಟುಕೊಳ್ಳಿ. ಮೊದಲ 1 ನಿಮಿಷ ಏದುಸಿರು. ಬೇಕೆಂದರೂ ಉಸಿರು ಹಿಡಿತಕ್ಕೆ ಸಿಗದು. ಆಮೇಲಿನ 10 ನಿಮಿಷ ಕೈಬೆರಳು ಇನ್ನೂ ಮಾತು ಕೇಳುತ್ತವೆ. ಮೇಲೆ ಬರುವ ಕೆಲಸವೆಲ್ಲ ಅಷ್ಟರಲ್ಲೇ ಆಗಬೇಕು. ಚಳಿಯಿಂದ ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ ಬೇಕು. ಸೂಟಿಲ್ಲದವರಲ್ಲಿ ಬಹಳ ಮಂದಿ ಚಳಿಯಿಂದ ಸಾಯುವ ಹಂತಕ್ಕೇ ಬರುವುದಿಲ್ಲ. ಮೊದಲ ನಿಮಿಷದಲ್ಲಿ ನೀರು ಕುಡಿದೋ, ಹತ್ತು ನಿಮಿಷದ ಹೊತ್ತಿಗೆ ಕೈ ಸೋತೋ ಮುಳುಗುತ್ತಾರೆ. ಸೂಟಿನ ಫೋಮ್ ಕಾಯುವುದು ಈ ಎರಡು ಘಟ್ಟಗಳನ್ನು.

ಮೇಲೆ ಬರುವ ಕ್ರಮ ಹೀಗೆ. ಉಸಿರು ಹದಕ್ಕೆ ಬರುವವರೆಗೆ ಸುಮ್ಮನೆ ತೇಲಿ. ನಡೆದುಬಂದ ದಿಕ್ಕಿಗೇ ತಿರುಗಿ. ಬೀಳುವ ಮುಂಚೆ ನಿಮ್ಮನ್ನು ಹೊತ್ತಿದ್ದ ಮಂಜುಗಡ್ಡೆ ಅದೇ. ಕೊರಳಲ್ಲಿ ತೂಗುವ ಐಸ್ ಪಿಕ್‌ಗಳನ್ನು (ಚೂಪು ಮೊಳೆಯಿರುವ ಹಿಡಿಗಳನ್ನು) ಗಡ್ಡೆಗೆ ಚುಚ್ಚಿ ಹಿಡಿದು, ಮೈ ಅಡ್ಡಲಾಗುವವರೆಗೆ ಕಾಲು ಬಡಿಯಿರಿ, ಎಳೆದುಕೊಳ್ಳಿ. ಪ್ಯಾಂಟಿನಲ್ಲೂ ಫೋಮ್ ಇದ್ದರೆ ಕಾಲು ಮೇಲೆದ್ದು ಈ ಕೆಲಸ ಹಗುರಾಗುತ್ತದೆ. ಮೇಲೆ ಬಂದ ಮೇಲೆ ಎದ್ದು ನಿಲ್ಲದೆ ಉರುಳಿಕೊಂಡು ದೂರ ಸರಿಯಿರಿ. ಏನು ಮಾಡಿದರೂ ಮೇಲೆ ಬರಲಾಗದಿದ್ದರೆ ಎರಡೂ ತೋಳುಗಳನ್ನು ಗಡ್ಡೆಯ ಮೇಲೆ ಚಾಚಿ ಅಲ್ಲಾಡದೆ ಇರಿ. ಒದ್ದೆ ತೋಳು ಗಡ್ಡೆಗೆ ಅಂಟಿ ಹೆಪ್ಪುಗಟ್ಟಿದರೆ, ಎಚ್ಚರ ತಪ್ಪಿದರೂ ತಲೆ ಮೇಲಿರುತ್ತದೆ.

ಪ್ರಶ್ನೆ: ಒಳಗೆ ದಪ್ಪ ಬಟ್ಟೆ ಹಾಕಬೇಕಲ್ಲ, ಎರಡು ಸೈಜು ದೊಡ್ಡದು ಕೊಳ್ಳಬಹುದೆ? ಇನ್ನೊಂದು ವಿಷಯ, ಗಾಳ ಇಳಿಸಲು ಮಂಜುಗಡ್ಡೆಯಲ್ಲಿ ರಂಧ್ರ ಕೊರೆಯುವಾಗ ಬೆವರು ಸುರಿಯುತ್ತದೆ. ಜಾಕೆಟ್ ತೆಗೆದಿಟ್ಟರೆ ತಪ್ಪೇ?

ಉತ್ತರ: ಎರಡು ಸೈಜು ಬೇಡ. ಸಡಿಲವಾದ ಜಾಕೆಟ್ ನೀರಿನಲ್ಲಿ ತಾನು ಮೇಲೇಳುತ್ತದೆ, ನಿಮ್ಮನ್ನು ಕೆಳಗೇ ಬಿಡುತ್ತದೆ. ಕಾಲರ್ ಬಂದು ಗಲ್ಲಕ್ಕೆ ಒತ್ತುತ್ತದೆ, ಬಾಯಿ ನೀರಿನ ಮಟ್ಟಕ್ಕೆ ಇಳಿಯುತ್ತದೆ. ಅಂಗಡಿಗೆ ಹೋಗುವಾಗ ಗಾಳಕ್ಕೆ ಹೋಗುವ ದಿನದ ಒಳಬಟ್ಟೆಯನ್ನೇ ಹಾಕಿಕೊಂಡು ಹೋಗಿ. ಮೈಗಂಟಿದ ಮೆರಿನೋ ಅಥವಾ ಪಾಲಿಯೆಸ್ಟರ್ ಥರ್ಮಲ್ ಒಂದು, ಅದರ ಮೇಲೆ ಫ್ಲೀಸ್ ಒಂದು. ಹತ್ತಿ ಬಟ್ಟೆ ಬೆವರು ಹೀರಿ ಒದ್ದೆಯಾಗಿಯೇ ಉಳಿಯುವುದರಿಂದ ಅದು ಬೇಡ. ಸೂಟು ತೊಟ್ಟು ಮೂರು ಪರೀಕ್ಷೆ ಮಾಡಿ. ಕುಕ್ಕರಗಾಲಲ್ಲಿ ಕೂತಾಗ ತೊಡೆಸಂದು ಎಳೆಯಬಾರದು. ಕೈ ಮೇಲೆತ್ತಿದಾಗ ಜಾಕೆಟಿನ ಅಂಚು ಸೊಂಟ ದಾಟಿ ಏರಬಾರದು. ಕೊನೆಯದು ಮುಖ್ಯ: ಯಾರಾದರೂ ಹಿಂದೆ ನಿಂತು ಜಾಕೆಟಿನ ಎರಡೂ ಭುಜ ಹಿಡಿದು ಮೇಲಕ್ಕೆ ಜಗ್ಗಲಿ. ಕಾಲರ್ ಕಿವಿ ದಾಟಿದರೆ ಆ ಸೂಟು ನಿಮ್ಮದಲ್ಲ. ಎದೆಯವರೆಗೆ ಬಂದು ಭುಜಪಟ್ಟಿಯಲ್ಲಿ ನಿಲ್ಲುವ ಬಿಬ್ ಪ್ಯಾಂಟು ಬೆನ್ನು ಮುಚ್ಚುವಷ್ಟು ಎತ್ತರವಿರಲಿ, ಕಾಲಿನ ಪಕ್ಕದ ಜಿಪ್ ಸಾಕಷ್ಟು ಮೇಲಿನವರೆಗೆ ತೆರೆಯಲಿ. ಇಲ್ಲದಿದ್ದರೆ ಬೂಟು ಬಿಚ್ಚದೆ ತೊಡಲಾಗದು.

ಇನ್ನು ಬೆವರು. ಫೋಮ್‌ಗೆ ಉಸಿರಾಟವಿಲ್ಲ. ಗಾಳಿಯನ್ನು ಚೆನ್ನಾಗಿ ತಡೆಯುತ್ತದೆ, ಆವಿಯನ್ನೂ ಅಷ್ಟೇ ಚೆನ್ನಾಗಿ ತಡೆಯುತ್ತದೆ. ಸಾಮಾನು ಹೇರಿದ ಸ್ಲೆಡ್ (ಹಿಮದ ಮೇಲೆ ಜಾರುವ ಬಂಡಿ) ಎಳೆದು, ರಂಧ್ರ ಕೊರೆಯುವ ಆಗರ್ ತಿರುಗಿಸಿ ಬೆವರಿದರೆ, ಆಮೇಲೆ ಕೂತಾಗ ಅದೇ ಬೆವರು ಬೆನ್ನಿಗೆ ತಣ್ಣನೆ ಅಂಟುತ್ತದೆ. ‘ಸೂಟು ಬೆಚ್ಚಗಿಲ್ಲ’ ಎಂಬ ದೂರುಗಳಲ್ಲಿ ಬಹಳಷ್ಟಕ್ಕೆ ಕಾರಣ ಇದು. ಹಾಗೆಂದು ಜಾಕೆಟ್ ತೆಗೆದು ಸ್ಲೆಡ್ ಮೇಲೆ ಇಟ್ಟರೆ ಎರಡು ಅಪಾಯ. ಹೊಸ ಜಾಗಕ್ಕೆ ನಡೆಯುವ ಹೊತ್ತು, ಅಂದರೆ ಗಡ್ಡೆ ಮುರಿಯುವ ಸಂಭವ ಹೆಚ್ಚಿರುವ ಹೊತ್ತಿನಲ್ಲೇ ತೇಲುವ ತೊಡುಗೆ ಮೈಮೇಲಿರುವುದಿಲ್ಲ. ಬರೀ ಪ್ಯಾಂಟಿನಲ್ಲಿ ಫೋಮ್ ಇದ್ದರೆ ಕಾಲು ತೇಲಿ ಎದೆ ಕೆಳಗಾಗುತ್ತದೆ, ಅದು ಇನ್ನೂ ಕೆಟ್ಟದ್ದು. ತೆಗೆಯುವುದಿದ್ದರೆ ಒಳಗಿನ ಫ್ಲೀಸ್ ತೆಗೆಯಿರಿ. ಥರ್ಮಲ್ ಮೇಲೆ ನೇರ ಸೂಟು ತೊಟ್ಟು, ಕಂಕುಳ ಜಿಪ್ ತೆರೆದು, ಎದೆಯ ಜಿಪ್ ಮುಚ್ಚಿಯೇ ನಿಧಾನವಾಗಿ ನಡೆಯಿರಿ. ಗಾಳ ಇಳಿಸಿ ಕೂತ ಮೇಲೆ ಫ್ಲೀಸ್ ಹಾಕಿಕೊಳ್ಳಿ. ಕಂಕುಳಲ್ಲಿ ಜಿಪ್ ಇಲ್ಲದ ಸೂಟು ಎಷ್ಟೇ ಚಂದವಿದ್ದರೂ ನಾವು ಶಿಫಾರಸು ಮಾಡುವುದಿಲ್ಲ.

ಪ್ರಶ್ನೆ: ವಾಟರ್‌ಪ್ರೂಫ್ 5,000 ಮಿ.ಮೀ., 10,000 ಮಿ.ಮೀ. ಎಂದು ಬರೆದಿರುತ್ತಾರೆ. ಹಿಮದಲ್ಲಿ ಮಳೆಯೇ ಇಲ್ಲ, 5,000 ಸಾಲದೆ?

ಉತ್ತರ: ಮಳೆಗೆ ಸಾಕು, ಮಂಡಿಗೆ ಸಾಲದು. ಬಟ್ಟೆಯ ಮೇಲೆ ಎಷ್ಟು ಎತ್ತರದ ನೀರಿನ ಕಂಬ ನಿಲ್ಲಿಸಿದರೆ ನೀರು ಜಿನುಗುತ್ತದೆ ಎಂಬುದು ಆ ಅಂಕಿ. 70 ಕೆ.ಜಿ. ತೂಕದವರು ರಂಧ್ರದ ಪಕ್ಕ ಮಂಡಿಯೂರುತ್ತಾರೆನ್ನಿ. ಎರಡೂ ಮಂಡಿ ಸೇರಿ ನೆಲಕ್ಕೆ ತಾಗುವುದು 100 ಚದರ ಸೆಂ.ಮೀ. ಎಂದುಕೊಂಡರೆ, ಚದರ ಸೆಂಟಿಮೀಟರಿಗೆ 0.7 ಕೆ.ಜಿ. ಒತ್ತಡ. 7 ಮೀಟರ್, ಅಂದರೆ 7,000 ಮಿ.ಮೀ. ನೀರಿನ ಕಂಬಕ್ಕೆ ಅದು ಸಮ. ರಂಧ್ರದ ಸುತ್ತ ಹಿಮದ ರಾಡಿ ಇದ್ದೇ ಇರುತ್ತದೆ. 5,000ದ ಬಟ್ಟೆಯಲ್ಲಿ ಅದು ಒಳಗಿಳಿಯುತ್ತದೆ. 10,000 ಇರಲಿ, ಹೊಲಿಗೆಯ ಒಳಭಾಗಕ್ಕೆಲ್ಲ ಟೇಪ್ ಅಂಟಿಸಿರಲಿ. ಮಂಡಿ ಮತ್ತು ಕುಂಡೆಯ ಜಾಗದಲ್ಲಿ ಒರಟು ನೈಲಾನ್ ಮತ್ತು ಪ್ಯಾಡ್ ಇರಲಿ. ತೋಳಿನ ಬಟ್ಟೆ ಎಷ್ಟು ಡೆನಿಯರ್ (ನೂಲಿನ ದಪ್ಪದ ಅಳತೆ) ಎಂದು ತಲೆಕೆಡಿಸಿಕೊಳ್ಳುವ ಅಗತ್ಯವಿಲ್ಲ. ಕಾಲಿನ ತುದಿಯಲ್ಲಿ, ಜಾಕೆಟಿನ ಅಂಚಿನಲ್ಲಿ ಜಾಲರಿ ಇದೆಯೇ ಎಂದು ಮಾತ್ರ ಬೆರಳು ಹಾಕಿ ನೋಡಿ. ನೀರಿನೊಳಗೆ ಇರುವಷ್ಟು ಹೊತ್ತು ಸೂಟಿನಲ್ಲಿ ತುಂಬಿದ ನೀರು ಭಾರವೆನಿಸದು. ಮೇಲೇರುವಾಗ ಅದು ಇಳಿದುಹೋಗಲು ದಾರಿ ಬೇಕು.

ಪ್ರಶ್ನೆ: ಪರಿಚಯದವರು ಹಳೆಯ ಸೂಟು ಕೊಡುತ್ತಿದ್ದಾರೆ. ಅದು ಇನ್ನೂ ತೇಲುತ್ತದೆಯೇ ಎಂದು ತಿಳಿಯುವುದು ಹೇಗೆ?

ಉತ್ತರ: ಮೊದಲು ಬೆರಳಿನ ಪರೀಕ್ಷೆ. ಎದೆ, ಬೆನ್ನಿನ ಫೋಮ್ ಹೆಬ್ಬೆರಳಿನಿಂದ ಒತ್ತಿ ಬಿಡಿ. ಗುಳಿ ತಕ್ಷಣ ತುಂಬಿಕೊಳ್ಳಬೇಕು. ತುಂಬದಿದ್ದರೆ, ಮಡಚಿದಾಗ ಪುಡಿಯ ಸದ್ದು ಬಂದರೆ, ಫೋಮ್ ಸತ್ತಿದೆ.

ಆಮೇಲೆ ತೂಕದ ಪರೀಕ್ಷೆ. ಈಜುಕೊಳವೋ ದೊಡ್ಡ ತೊಟ್ಟಿಯೋ ಬೇಕು. ಜಾಕೆಟ್, ಪ್ಯಾಂಟು ಎರಡನ್ನೂ ಮುಳುಗಿಸಿ, ಕೈಯಿಂದ ಹಿಂಡಿ ಗಾಳಿ ಹೊರಗೆ ಬಿಡಿಸಿ. ಕಲ್ಲು ಹೇರಿ ಒಂದು ರಾತ್ರಿ ನೀರಿನಡಿ ಬಿಡಿ. ತುಂಬುವಿನಲ್ಲಿ ಸಿಕ್ಕಿಕೊಂಡ ಗಾಳಿ ಹೋಗಿ ಫೋಮಿನ ನಿಜವಾದ ಬಲ ಉಳಿಯಲೆಂದು ಈ ಕೆಲಸ. ಬೆಳಗ್ಗೆ ಕಲ್ಲು ತೆಗೆದು 6 ಕೆ.ಜಿ. ಕಬ್ಬಿಣದ ಡಂಬೆಲ್ ಕಟ್ಟಿ. ಕಬ್ಬಿಣ ನೀರಿನಲ್ಲಿ ತನ್ನ ತೂಕದ ಸುಮಾರು ಎಂಟನೆಯ ಒಂದು ಪಾಲು ಕಳೆದುಕೊಳ್ಳುವುದರಿಂದ 6 ಕೆ.ಜಿ. ಅಲ್ಲಿ 5.2 ಕೆ.ಜಿ. ಆಗುತ್ತದೆ. ಅದನ್ನು ಹೊತ್ತು ಸೂಟು ಮೇಲೇ ನಿಂತರೆ 50 ನ್ಯೂಟನ್ ಇದೆಯೆಂದು ಅರ್ಥ. ಕೆಳಗಿಳಿದರೆ ಡಂಬೆಲ್ ಕಡಿಮೆ ಮಾಡುತ್ತ ಹೋಗಿ, ಎಷ್ಟಕ್ಕೆ ನಿಲ್ಲುತ್ತದೋ ಗುರುತು ಹಾಕಿಕೊಳ್ಳಿ. 3 ಕೆ.ಜಿ.ಗೂ ನಿಲ್ಲದ ಸೂಟನ್ನು ಮನೆ ಮುಂದೆ ಹಿಮ ಬಳಿಯಲು ಇಟ್ಟುಕೊಳ್ಳಿ. ಪಾಸಾದರೆ ಬೇಸಿಗೆಯಲ್ಲಿ ಎದೆಮಟ್ಟದ ನೀರಿನಲ್ಲಿ, ಪಕ್ಕದಲ್ಲೊಬ್ಬರನ್ನು ನಿಲ್ಲಿಸಿಕೊಂಡು ತೊಟ್ಟೇ ನೋಡಿ. ಯಾವ ಭಾಗ ಎಷ್ಟು ಎತ್ತುತ್ತದೆಂದು ಮೈಗೆ ಗೊತ್ತಾಗುತ್ತದೆ.

ಪ್ರಶ್ನೆ: ಸೂಟಿನ ಬದಲು ಗಾಳಿ ತುಂಬುವ ಲೈಫ್ ಜಾಕೆಟ್ ಸಾಕೆ?

ಉತ್ತರ: ಕಡುಚಳಿಗೆ ಬೇಡ. ಅದನ್ನು ಉಬ್ಬಿಸುವ ಇಂಗಾಲದ ಡೈಆಕ್ಸೈಡ್ ಸಿಲಿಂಡರಿನ ಒತ್ತಡ ಚಳಿಯಲ್ಲಿ ಇಳಿಯುತ್ತದೆ. ಚೀಲ ನಿಧಾನಕ್ಕೆ, ಅರೆಬರೆ ಉಬ್ಬುತ್ತದೆ. ಸೂಟಿನ ಒಳಗಂತೂ ಎಂದೂ ತೊಡಬೇಡಿ. ಉಬ್ಬಿದರೆ ಎದೆ ಒತ್ತಿ ಉಸಿರು ಕಟ್ಟುತ್ತದೆ.

ಪ್ರಶ್ನೆ: ಒಂಬತ್ತು ವರ್ಷದ ಮಗಳು ಜೊತೆಗೆ ಬರುತ್ತಾಳೆ. ಅವಳಿಗೆ ದೊಡ್ಡವರ ಸ್ಮಾಲ್ ಸೈಜು ಆಗುತ್ತದೆಯೆ? ಸೂಟಿದ್ದರೆ ತೆಳುವಾದ ಗಡ್ಡೆಯ ಮೇಲೂ ಹೋಗಬಹುದೆ?

ಉತ್ತರ: ಎರಡಕ್ಕೂ ಇಲ್ಲ. ಮಗಳಿಗೆ ಬೆಚ್ಚನೆಯ ಮಾಮೂಲಿ ಜಾಕೆಟ್ ಹಾಕಿ, ಅದರ ಮೇಲೆ ಅವಳ ತೂಕಕ್ಕೆ ತಕ್ಕ, ಮುದ್ರೆಯಿರುವ ಫೋಮ್ ಲೈಫ್ ಜಾಕೆಟ್ ತೊಡಿಸಿ, ತೊಡೆಸಂದಿನ ಪಟ್ಟಿ ಬಿಗಿಯಿರಿ. ಮುಂದಿನ ವರ್ಷಕ್ಕೂ ಆಗಲಿ ಎಂದು ದೊಡ್ಡದು ಕೊಳ್ಳುವ ಉಳಿತಾಯ ಇಲ್ಲಿ ಸಲ್ಲದು.

ಗಡ್ಡೆಯ ಲೆಕ್ಕವನ್ನು ಸೂಟು ಬದಲಿಸುವುದಿಲ್ಲ. ಅಮೆರಿಕದ ಮಿನೆಸೋಟ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ ಹೇಳುವಂತೆ ನಡೆಯಲು ಕನಿಷ್ಠ 4 ಇಂಚು ದಪ್ಪದ, ತಿಳಿಯಾದ ಹೊಸ ಗಡ್ಡೆ ಬೇಕು. ಹಿಮ ಬೆರೆತ ಬಿಳಿ ಗಡ್ಡೆಯಾದರೆ ಅದರ ಎರಡರಷ್ಟು. ಒಂದು ಕಡೆ ಅಳೆದು ಸುಮ್ಮನಾಗದೆ, ನಡೆಯುತ್ತ ಹಾರೆಯಿಂದ ಕುಟ್ಟಿ ನೋಡುತ್ತ ಹೋಗಿ.

ಪ್ರಶ್ನೆ: ಒಗೆಯುವುದು, ಇಡುವುದು ಹೇಗೆ?

ಉತ್ತರ: ತಣ್ಣೀರು, ಸೌಮ್ಯ ಸೋಪು, ಕೈಯೊಗೆತ. ಬಟ್ಟೆ ಮೆದುಮಾಡುವ ದ್ರವ, ಬ್ಲೀಚ್ ಬೇಡ. ಡ್ರೈಯರಿನ ಬಿಸಿಗೆ ಫೋಮ್ ಕುಗ್ಗಿ ಸೊಟ್ಟಗಾಗುತ್ತದೆ, ಆದ್ದರಿಂದ ನೆರಳಿನಲ್ಲಿ ನೇತುಹಾಕಿ. ಹೊರಬಟ್ಟೆಯ ಮೇಲೆ ನೀರು ಮಣಿಯಾಗಿ ಉರುಳದೆ ಹರಡಿಕೊಳ್ಳಲು ಶುರುವಾದರೆ ನೀರು ಜಾರಿಸುವ ಸ್ಪ್ರೇ ಮತ್ತೊಮ್ಮೆ ಹೊಡೆಯಿರಿ. ಬೇಸಿಗೆಯಿಡೀ ಪೆಟ್ಟಿಗೆಯ ತಳದಲ್ಲಿ ತುರುಕಿಟ್ಟರೆ ಫೋಮ್ ಚಪ್ಪಟೆಯಾಗುತ್ತದೆ, ತೇಲುವ ಬಲ ಇಳಿಯುತ್ತದೆ. ಅಗಲವಾದ ಹ್ಯಾಂಗರಿನಲ್ಲಿ ತೂಗಿಬಿಡಿ. ಡೇರೆಯೊಳಗಿನ ಗ್ಯಾಸ್ ಹೀಟರಿಗೆ ಬೆನ್ನು ಕೊಟ್ಟು ಕೂರುವವರು ಆಗಾಗ ಕೈ ಹಿಂದೆ ಮಾಡಿ ಮುಟ್ಟಿ ನೋಡಿಕೊಳ್ಳಿ. ನೈಲಾನ್ ಕರಗಿ ತೂತಾಗುವುದು ಫೋಮ್ ದಾಟಿ ಬೆನ್ನಿಗೆ ಗೊತ್ತಾಗುವುದೇ ಇಲ್ಲ.