ಉಂಡ ಮನೆ, ಬರೆದ ಕೈ

ನನ್ನ ಬಳಿ ಆಪ್ತಸಮಾಲೋಚನೆಗೆ ಬಂದ ಹೆಣ್ಣುಮಗಳೊಬ್ಬರ ಪ್ರಕರಣ ಇದು. ಬರೆಯಲು ಅವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಅವರನ್ನು ಇಲ್ಲಿ ಸರೋಜಮ್ಮ ಎಂದು ಕರೆಯುತ್ತೇನೆ.

ಬರೆಯಲು ಕಾರಣ ಇದೆ. ಬೇರೆಯವರ ಪತ್ರಿಕೆಗೆ ಅತಿಥಿಯಾಗಿ ಬರೆದ ಲೇಖನವನ್ನು ಮುಂದೆ ತಾವೇ ಪುಸ್ತಕ ಮಾಡಿಯೋ, ತಮ್ಮ ಬ್ಲಾಗಿನಲ್ಲಿ ಹಾಕಿಯೋ ತೊಂದರೆಗೆ ಸಿಕ್ಕಿಕೊಂಡವರು ದಾವಣಗೆರೆಯ ನನ್ನ ಕೋಣೆಗೆ ಬಂದಿದ್ದು ಇದು ಮೂರನೇ ಸಲ. ಮೂವರೂ ಬಂದಿದ್ದು ಬೇರೆ ಕಾರಣ ಹೇಳಿಕೊಂಡು. ಒಬ್ಬರಿಗೆ ತಲೆನೋವು, ಇನ್ನೊಬ್ಬರಿಗೆ ಮನೆಯಲ್ಲಿ ಸುಮ್ಮಸುಮ್ನೆ ಸಿಟ್ಟು. ಸರೋಜಮ್ಮನಿಗೆ ನಿದ್ದೆ ಇರಲಿಲ್ಲ.

ವಯಸ್ಸು ಐವತ್ತು ದಾಟಿದೆ. ಆರು ವರ್ಷ ಊರಿನ ಒಂದು ವಾರಪತ್ರಿಕೆಗೆ ಬರೆದರು. ಒಟ್ಟು ಇಪ್ಪತ್ತನಾಲ್ಕು ಲೇಖನ. ಮಂಡಕ್ಕಿ ಭಟ್ಟಿ, ಮುಚ್ಚಿಹೋದ ಹತ್ತಿ ಗಿರಣಿಗಳ ಸೈರನ್ನು, ಭದ್ರಾ ಕಾಲುವೆಗೆ ನೀರು ಬಿಟ್ಟ ದಿನ ಹಳ್ಳಿ ಹೇಗಿರುತ್ತದೆ ಎಂಬುದು, ಹೀಗೆ ಕಂಡದ್ದನ್ನೇ ಬರೆದವರು. ಸಂಭಾವನೆ ಇಲ್ಲ. ದೀಪಾವಳಿಗೆ ಒಂದು ಸ್ವೀಟ್ ಬಾಕ್ಸ್, ವರ್ಷಕ್ಕೊಮ್ಮೆ ಸಮಾರಂಭದಲ್ಲಿ ಶಾಲು.

ಮಗ ಮನೆ ಕಟ್ಟಿಸಿದ. ಗೃಹಪ್ರವೇಶಕ್ಕೆ ಬಂದವರಿಗೆ ತಾಂಬೂಲದ ಜೊತೆ ಅಮ್ಮನ ಲೇಖನಗಳ ಪುಸ್ತಕ ಕೊಡೋಣ ಎಂದು ನೂರು ಪ್ರತಿ ಅಚ್ಚು ಹಾಕಿಸಿದ. ನಲವತ್ತು ಹಂಚಿದರು. ಒಂದು ಪ್ರತಿ ಸಂಪಾದಕರ ಕೈ ಸೇರಿತು. ಮರುದಿನ ಅವರ ಫೋನು ಬಂತು. "ನಮ್ಮ ಪತ್ರಿಕೆಯ ಲೇಖನ ಎತ್ತಿ ಪುಸ್ತಕ ಮಾಡ್ಕೊಂಡಿದ್ದೀರಲ್ಲ, ನಮ್ಮನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ಲವಾ? ಉಂಡ ಮನೆಗೆ ಎರಡು ಬಗೆಯೋದು ಅಂದ್ರೆ ಇದೇ." ಕೋರ್ಟಿನ ಮಾತೂ ಬಂತು.

ಅವತ್ತು ಸಂಜೆಯೇ ಉಳಿದ ಅರವತ್ತು ಪ್ರತಿಗಳನ್ನು ಸರೋಜಮ್ಮ ಹಳೇ ಸೀರೆಯಲ್ಲಿ ಕಟ್ಟಿ ಮಂಚದ ಕೆಳಗೆ ತಳ್ಳಿದರು. ಅದೇ ಮಂಚದ ಮೇಲೆ ಮಲಗಿ ನಿದ್ದೆ ಬರುತ್ತಿಲ್ಲ ಅಂದರೆ ಹೇಗೆ ಬರುತ್ತದೆ, ಅಲ್ವಾ?

ಮೊದಲ ಎರಡು ಭೇಟಿಯಲ್ಲಿ ನಾನು ಜಾಸ್ತಿ ಮಾತಾಡಲಿಲ್ಲ. ಆದರೆ ಒಂದು ವಿಷಯ ಗಮನಿಸಿದೆ. ಅವರು ಒಮ್ಮೆಯೂ "ನನ್ನ ಲೇಖನ" ಅನ್ನಲಿಲ್ಲ. "ಪತ್ರಿಕೆಯಲ್ಲಿ ಬಂದಿದ್ದು", "ಸರ್ ಹಾಕಿದ್ದು", "ಅವರು ಬರೆಸಿದ್ದು" ಎಂದೇ ಹೇಳುತ್ತಿದ್ದರು. ಆರು ವರ್ಷ ಬರೆದವರು ತಮ್ಮ ಬರಹದ ಹತ್ತಿರ ಬಾಡಿಗೆಯವರ ಹಾಗೆ ನಿಂತಿದ್ದರು.

ಮೂರನೇ ಭೇಟಿಗೆ ಪುಸ್ತಕ ತರಲು ಹೇಳಿದೆ. ತಂದರು, ಸೆರಗಿನಲ್ಲಿ ಮುಚ್ಚಿಕೊಂಡು. ನಿಮಗೆ ಇಷ್ಟವಾದ ಒಂದನ್ನು ಓದಿ ಅಂದೆ. "ನೀವೇ ಓದ್ರಿ ಮೇಡಂ" ಅಂದರು. ನಾನು ಕೈ ಚಾಚಲಿಲ್ಲ. ಸ್ವಲ್ಪ ಹೊತ್ತಿಗೆ ಕನ್ನಡಕ ಹಾಕಿಕೊಂಡು ಮಂಡಕ್ಕಿ ಭಟ್ಟಿಯ ಲೇಖನ ತೆಗೆದರು.

ಮೊದಲು ದನಿ ಸಣ್ಣಗಿತ್ತು. ಉಪ್ಪು ಬೆರೆಸಿದ ಅಕ್ಕಿ ಕಾದ ಮರಳಿಗೆ ಬೀಳುವ ಜಾಗಕ್ಕೆ ಬಂದಾಗ ದನಿ ಏರಿತು. ಅಕ್ಕಿ ಬಿದ್ದ ಕೂಡಲೇ ತಗಡಿನ ಮೇಲೆ ಮಳೆ ಬಿದ್ದ ಹಾಗೆ ಸದ್ದು, ಅರಳಿ ಮುಗಿದ ಮೇಲೆ ಸದ್ದೇ ಇಲ್ಲ ಎಂದು ಬರೆದಿದ್ದರು. ಜರಡಿ ಹಿಡಿದ ಹೆಣ್ಣುಮಗಳ ಮುಂಗೈ ಮೇಲೆ ಕೂದಲೇ ಬೆಳೆಯುವುದಿಲ್ಲ, ಬಿಸಿಗೆ ಸುಟ್ಟು ಸುಟ್ಟು ಚರ್ಮ ನುಣ್ಣಗಾಗಿದೆ ಎಂದಿತ್ತು. ನಾನು ಇದೇ ಊರಲ್ಲಿ ಇಷ್ಟು ವರ್ಷದಿಂದ ಸಂಜೆ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಿದ್ದೇನೆ. ಆ ಕೈ ನನಗೆ ಕಂಡಿರಲಿಲ್ಲ.

ಕೊನೆಯ ಸಾಲಿಗೆ ಬಂದಾಗ ಥಟ್ಟನೆ ನಿಲ್ಲಿಸಿದರು. "ಇದು ಓದಲ್ಲ ರೀ" ಅಂದರು.

"ಯಾಕೆ?"

"ಇದು ನಂದಲ್ಲ. 'ಮಂಡಕ್ಕಿ ನಮ್ಮೂರಿನ ಹೆಮ್ಮೆಯ ಕಿರೀಟ' ಅಂತ ಸರ್ ಸೇರಿಸಿದ್ದು. ಕಿರೀಟ ಗಿರೀಟ ಅನ್ನೋ ಮಾತು ನನ್ನ ಬಾಯಲ್ಲಿ ಬರಲ್ಲ. ನಾನು ಆ ಕೈಗೇ ನಿಲ್ಲಿಸಿದ್ದೆ."

"ಹಾಗಾದ್ರೆ ಮೇಲಿನದೆಲ್ಲ ಯಾರದ್ದು?"

ಅವರು ಮಾತಾಡಲಿಲ್ಲ. ಪುಟದ ಮೇಲೆ ಬೆರಳಿಟ್ಟು ಮೊದಲ ಸಾಲಿನಿಂದ ಕೆಳಗಿನವರೆಗೂ ಎಳೆದರು. ಕೊನೆಯ ಸಾಲಿನ ಮೇಲೆ ಬೆರಳು ನಿಂತಿತು. "ಇದೊಂದು ಬಿಟ್ಟು..." ಅಂದರು. ಆಮೇಲೆ ಅತ್ತರು. ಆ ಅಳು ಹಿಂದಿನ ಎರಡು ಭೇಟಿಯ ಅಳುವಿನ ಹಾಗಿರಲಿಲ್ಲ. ನಾನು ನೀರಿನ ಲೋಟ ಅವರ ಕಡೆ ಸರಿಸಿ ಸುಮ್ಮನೆ ಕೂತೆ.

ಅವತ್ತೇ ನಾನು ಕಾನೂನಿನ ಮಾತು ತೆಗೆದಿದ್ದು. ಇದಕ್ಕೆ ನನ್ನ ಸಹೋದ್ಯೋಗಿಯೊಬ್ಬರು ಆಕ್ಷೇಪ ಹೇಳಿದರು. ಕಾನೂನು ವಕೀಲರ ಕೆಲಸ, ನಮ್ಮದು ಮನಸ್ಸಿನ ಕೆಲಸ ಎಂದರು. ನಾನು ಒಪ್ಪುವುದಿಲ್ಲ. ಈ ಹೆಣ್ಣುಮಗಳ ನಿದ್ದೆ ಕೆಡಿಸಿದ್ದೇ ಗೊತ್ತಿಲ್ಲದ ಒಂದು ಸಂಗತಿ. ಉಸಿರಾಟದ ಅಭ್ಯಾಸ ಹೇಳಿಕೊಟ್ಟು, ಆ ಸಂಗತಿಯನ್ನು ಕತ್ತಲಲ್ಲೇ ಬಿಟ್ಟು ಕಳಿಸಿದ್ದರೆ ನಾನು ಅವರಿಗೆ ಮೋಸ ಮಾಡಿದ ಹಾಗೆ. ವಕೀಲರನ್ನು ಕಂಡು ಖಚಿತ ಮಾಡಿಕೊಳ್ಳಿ ಎಂದು ಹೇಳಿಯೇ ಕಳಿಸಿದೆ. ಅವರು ಕಂಡರು ಕೂಡ.

ನಾನು ಹೇಳಿದ್ದು ಇಷ್ಟೇ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರಹದ ಮೊದಲ ಒಡೆಯರು ಬರೆದವರೇ. ಪತ್ರಿಕೆಯಲ್ಲಿ ಸಂಬಳಕ್ಕಿದ್ದು ಬರೆದರೆ ಲೆಕ್ಕ ಬೇರೆ. ಅತಿಥಿಯಾಗಿ ಬರೆದವರು ನೌಕರರಲ್ಲ. ಹಕ್ಕು ಬೇರೆಯವರಿಗೆ ಹೋಗಬೇಕಾದರೆ ಅದು ಬರಹದಲ್ಲಿರಬೇಕು, ಬರೆದವರ ಸಹಿ ಇರಬೇಕು. ಶಾಲು ಹೊದಿಸಿದರೆ, ಸ್ವೀಟ್ ಕೊಟ್ಟರೆ ಹಕ್ಕು ಕೈ ಬದಲಾಗುವುದಿಲ್ಲ. ಸಹಿ ಹಾಕಿಕೊಟ್ಟಿದ್ದರೂ ಎಷ್ಟು ವರ್ಷಕ್ಕೆ ಎಂದು ನಮೂದಿಸದಿದ್ದರೆ ಅದನ್ನು ಐದು ವರ್ಷ ಎಂದೇ ಲೆಕ್ಕ ಹಿಡಿಯುತ್ತಾರೆ. ಇನ್ನು ಇದನ್ನು ಬರೆದವರು ನಾನು ಎಂದು ಹೇಳಿಕೊಳ್ಳುವ ಹಕ್ಕು, ಉಳಿದ ಹಕ್ಕುಗಳನ್ನೆಲ್ಲ ಬರೆದುಕೊಟ್ಟ ಮೇಲೂ ಬರೆದವರಿಗೇ ಉಳಿಯುತ್ತದೆ.

ಸರೋಜಮ್ಮ ಯಾವ ಕಾಗದಕ್ಕೂ ಸಹಿ ಹಾಕಿರಲಿಲ್ಲ. ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಇದನ್ನು ಓದುತ್ತಿರುವವರೂ ಮೊದಲು ನೋಡಬೇಕಾದ್ದು ಅದನ್ನೇ. ಲೇಖನ ಕಳಿಸುವಾಗ ಏನಾದರೂ ಒಪ್ಪಂದಕ್ಕೆ ಸಹಿ ಮಾಡಿದ್ದೀರಾ, ಇಮೇಲಿನಲ್ಲಿ ಷರತ್ತು ಒಪ್ಪಿದ್ದೀರಾ? ಇಷ್ಟು ತಿಂಗಳು ಬೇರೆ ಕಡೆ ಹಾಕಬಾರದು ಎಂದು ಮಾತು ಕೊಟ್ಟಿದ್ದೀರಾ? ಕೊಟ್ಟಿದ್ದರೆ ಕಾಯಬೇಕು. ಚಿತ್ರದುರ್ಗದಿಂದ ಬಂದ ಹುಡುಗನೊಬ್ಬ ಕೋಟೆಯ ಹೊಂಡಗಳ ಬಗ್ಗೆ ಬರೆದ ಲೇಖನವನ್ನು ಅದು ಪ್ರಕಟವಾದ ದಿನವೇ ತನ್ನ ಬ್ಲಾಗಿಗೂ ಹಾಕಿದ್ದ. ಅವನಿಗೆ ನಾನು ಬೇರೆ ಮಾತು ಹೇಳಿದ್ದೆ. ಕರೆದು ಜಾಗ ಕೊಟ್ಟವರಿಗೆ ಮೊದಲ ಓದುಗರನ್ನಾದರೂ ಬಿಟ್ಟುಕೊಡಬೇಕು.

ಸರೋಜಮ್ಮನ ಕಡೆಯೂ ತಪ್ಪಿತ್ತು. ಪುಸ್ತಕದಲ್ಲಿ ಎಲ್ಲೂ ಆ ಪತ್ರಿಕೆಯ ಹೆಸರಿರಲಿಲ್ಲ. ಎರಡು ಫೋಟೋಗಳು ಪತ್ರಿಕೆಯವರು ತೆಗೆಸಿದವು, ಮಗ ಹಾಗೇ ಸ್ಕ್ಯಾನ್ ಮಾಡಿ ಹಾಕಿದ್ದ. ಬರಹ ನಮ್ಮದು ಅಂದ ಮಾತ್ರಕ್ಕೆ ಜೊತೆಗೆ ಬಂದ ಫೋಟೋ, ಚಿತ್ರ ನಮ್ಮದಾಗುವುದಿಲ್ಲ. ಹೀಗೆ ಮಾಡುವಾಗ ಪತ್ರಿಕೆಯ ಪುಟವನ್ನೇ ನಕಲು ಮಾಡದೆ ಮನೆಯಲ್ಲಿರುವ ಹಸ್ತಪ್ರತಿಯಿಂದಲೇ ಮುದ್ರಿಸುವುದು ಒಳ್ಳೆಯದು. ಆ ಕಿರೀಟದ ಸಾಲು ಆಗ ತಾನಾಗೇ ಬಿದ್ದುಹೋಗುತ್ತದೆ.

ಮನೆಯ ಹಿರಿಯರೆಲ್ಲ ಹೇಳಿದ್ದು ಒಂದೇ: "ಹೋಗಲಿ ಬಿಡು, ದೊಡ್ಡವರು, ಕಾಲಿಗೆ ಬಿದ್ದು ಕ್ಷಮೆ ಕೇಳಿ ಬಾ." ನಾನು ಅದನ್ನು ಬೇಡ ಎಂದೆ. ಇದಕ್ಕಾಗಿ ಅವರ ಮಗ ನನ್ನ ಮೇಲೆ ಸ್ವಲ್ಪ ಬೇಸರ ಮಾಡಿಕೊಂಡ. ಊರು ಸಣ್ಣದು, ಸಂಬಂಧ ಕೆಡುತ್ತೆ ಎಂಬುದು ಅವನ ಚಿಂತೆ. ನಿಜ, ಅದನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಮುದ್ರಿಸಿದ್ದೇ ತಪ್ಪು ಎಂದು ಕ್ಷಮೆ ಕೇಳಿದ್ದರೆ ಅವರು ಮತ್ತೆ ಪೆನ್ನು ಹಿಡಿಯುತ್ತಿರಲಿಲ್ಲ. ಹೆಂಗಸರು ಬರೆದದ್ದಕ್ಕೆ ಯಾರೋ ಅವಕಾಶ ಕೊಟ್ಟರು ಎಂಬ ಋಣವನ್ನು ಜೀವಮಾನವಿಡೀ ಹೊರಿಸುವುದನ್ನು ನಾನು ತುಂಬ ನೋಡಿದ್ದೇನೆ. ಅವಕಾಶ ಕೊಟ್ಟಿದ್ದು ದೊಡ್ಡದು. ಆ ಋಣವನ್ನು ಕೃತಜ್ಞತೆಯಿಂದ ತೀರಿಸಬೇಕು. ಬರಹವನ್ನೇ ಬಿಟ್ಟುಕೊಟ್ಟು ತೀರಿಸಬೇಕಾಗಿಲ್ಲ.

ಹಾಗಾಗಿ ಸಂಪಾದಕರಿಗೆ ಕಾಗದ ಬರೆಯಿರಿ ಅಂದೆ. ಫೋನು ಬೇಡ, ಫೋನಿನಲ್ಲಿ ಅವರ ದನಿ ಕೇಳಿದರೆ ನೀವು ಕುಗ್ಗುತ್ತೀರಿ ಎಂದೆ. ಮೂರು ಸಲ ತಿದ್ದಿ ಬರೆದರು. ಮೊದಲ ಕರಡಿನಲ್ಲಿ "ಕ್ಷಮಿಸಿ" ಐದು ಸಲ ಇತ್ತು. ಕೊನೆಯದರಲ್ಲಿ ಎರಡೇ. ಹೇಳದೆ ಪುಸ್ತಕ ತಂದಿದ್ದಕ್ಕೆ, ಪತ್ರಿಕೆಯ ಹೆಸರು ಬಿಟ್ಟು ಫೋಟೋ ಬಳಸಿದ್ದಕ್ಕೆ. ಆಮೇಲೆ ಈ ಸಾಲು: "ಲೇಖನಗಳು ನನ್ನವು. ಅವು ಮೊದಲು ಬೆಳಕು ಕಂಡಿದ್ದು ನಿಮ್ಮಲ್ಲಿ. ಎರಡನ್ನೂ ಪುಸ್ತಕದ ಮೊದಲ ಪುಟದಲ್ಲಿ ಬರೆಯುತ್ತೇನೆ."

ಆ ಕಾಗದಕ್ಕೆ ಇನ್ನೂ ಉತ್ತರ ಬಂದಿಲ್ಲ. ಅವರ ಪತ್ರಿಕೆಯಲ್ಲಿ ಸರೋಜಮ್ಮನ ಹೆಸರೂ ಬಂದಿಲ್ಲ. ಇದು ಅವರಿಗೆ ನೋವು ತಂದಿದೆ, ಇಲ್ಲ ಎಂದು ನಾನು ಹೇಳುವುದಿಲ್ಲ. ನನ್ನ ಸಲಹೆಗೆ ಅವರು ಕೊಟ್ಟ ಬೆಲೆ ಅದು.

ಕಳೆದ ಭೇಟಿಯಲ್ಲಿ ನಿದ್ದೆಯ ಬಗ್ಗೆ ಕೇಳಿದೆ. ಪರವಾಗಿಲ್ಲ ಅಂದರು. ಸೀರೆಯ ಗಂಟು ಬಿಚ್ಚಿದ್ದಾರೆ. ಫೋಟೋ ಇದ್ದ ಎರಡು ಪುಟಗಳ ಮೇಲೆ ಬಿಳಿ ಹಾಳೆ ಅಂಟಿಸಿ, ಮೊದಲ ಪುಟದಲ್ಲಿ ಪತ್ರಿಕೆಯ ಹೆಸರನ್ನು ಕೈಯಲ್ಲೇ ಬರೆಯುತ್ತಿದ್ದಾರೆ. ದಿನಕ್ಕೆ ಐದೋ ಆರೋ ಪ್ರತಿ ಆಗುತ್ತದಂತೆ. ನನಗೂ ಒಂದು ತಂದಿದ್ದರು. ಮಂಡಕ್ಕಿ ಭಟ್ಟಿಯ ಪುಟ ತೆಗೆದು ನೋಡಿದೆ. ಕೊನೆಯ ಸಾಲಿನ ಮೇಲೆ ಪೆನ್ನಿನಿಂದ ಒಂದೇ ಗೆರೆ ಎಳೆದಿತ್ತು.